ಹಳ್ಳದ ಪುಟ ಹಸಿರಾಗಿದ್ದ ವಾರ

ಮೊನ್ನೆ ಅನನ್ಯಳ ಶಾಲೆಯ ಯಾವುದೋ ಕಾಗದ ಪ್ರಿಂಟ್ ಹಾಕಿಸಲು ಅವಳ ಜೊತೆ ಸಾಗರದ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಯಂತ್ರದಿಂದ ಆಗಷ್ಟೇ ಹೊರಬಂದ ಬಿಸಿ ಹಾಳೆಯನ್ನು ಅವಳು ನನ್ನ ಕೈಗೆ ಕೊಟ್ಟಳು. ಆ ವಾಸನೆ ಮೂಗಿಗೆ ಬಡಿದದ್ದೇ ಹಳೆಯ ಒಂದು ಮಳೆಗಾಲ ನೆನಪಾಗಿ ಹಾಳೆಯನ್ನು ಮೇಜಿನ ಮೇಲಿಟ್ಟುಬಿಟ್ಟೆ. "ಎಂಥ ಆಯ್ತಜ್ಜಿ? ಮುಖ ಯಾಕೆ ಹಂಗೆ ಮಾಡ್ದೆ?" ಎಂದು ಕೇಳಿದಳು. ಏನೂ ಇಲ್ಲ ಎಂದೆ. ಅಂಗಡಿಯಲ್ಲಿ ಜನ ಇದ್ದರು. ಜನರ ಎದುರು ಮಾತಾಡುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಬರೆಯುವುದಾದರೆ ಪರವಾಗಿಲ್ಲ, ಊರ ಶಾಲೆಯಲ್ಲಿ ಕಲಿತಷ್ಟು ಕನ್ನಡ ಅದಕ್ಕೆ ಸಾಕಾಗುತ್ತದೆ. ಅನನ್ಯಾ, ಚಿರೂ, ಇದು ನಿಮಗಾಗಿ. ಆ ಮಳೆಗಾಲ ನಿಮಗೂ ನೆನಪಿದೆ. ಆದರೆ ನಿಮಗೆ ನೆನಪಿರುವುದು ಬೇರೆ.

ಆಗ ನಮ್ಮೂರ ಹಳ್ಳಕ್ಕೆ ಈಗಿನ ಎತ್ತರದ ಸೇತುವೆ ಇರಲಿಲ್ಲ. ಹೊಸನಗರದ ಕಡೆಯಿಂದ ಬರುವ ರಸ್ತೆಗೂ ನಮ್ಮೂರಿಗೂ ನಡುವೆ ಇದ್ದದ್ದು ಕಟಕಟೆಯೂ ಇಲ್ಲದ ಒಂದು ತಗ್ಗು ಸೇತುವೆ. ಮೇಲೆ ಗುಡ್ಡದಲ್ಲಿ ಜೋರು ಮಳೆಯಾದರೆ ಅದು ಮುಳುಗುತ್ತಿತ್ತು. ಆಚೆ ದಡದಲ್ಲಿ ರಸ್ತೆಗೆ ಒಂದು ತಿರುವು. ತಿರುವು ಮುಗಿದ ಕೂಡಲೇ ಇಳಿಜಾರು, ಇಳಿಜಾರಿನ ಬುಡಕ್ಕೇ ಸೇತುವೆ. ಡ್ರೈವರಿಗೆ ನೀರು ಕಾಣುವಷ್ಟರಲ್ಲಿ ಬಸ್ಸು ನೀರಿನ ಹತ್ತಿರಕ್ಕೇ ಬಂದಿರುತ್ತಿತ್ತು. ನೀವಿಬ್ಬರು ಹೊಸನಗರದ ಶಾಲೆಗೆ ಹೋಗಿ ಬರುತ್ತಿದ್ದದ್ದು ಆ ಬಸ್ಸಿನಲ್ಲಿ.

ನಿಮ್ಮ ಅಜ್ಜ ಹೋಗಿ ಕೆಲವು ವರ್ಷಗಳಾಗಿದ್ದವು. ನಿಮ್ಮ ಅಪ್ಪ ತೀರ್ಥಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಭಾನುವಾರ ಬಂದು ಹೋಗುತ್ತಿದ್ದ. ನಿಮ್ಮ ಅಮ್ಮ ಚೇತನಾ ಸಾಗರದಲ್ಲಿ ಕಂಪ್ಯೂಟರ್ ಓದಿದವಳು. ಮದುವೆಯಾಗಿ, ನೀವು ಹುಟ್ಟಿ, ಅದನ್ನೆಲ್ಲ ಬಿಟ್ಟೇ ಬಿಟ್ಟಿದ್ದಳು. ಚಿರು ಶಾಲೆಗೆ ಸೇರಿದ ಮೇಲೆ, ಮನೆಯಲ್ಲಿ ಸಿಗ್ನಲ್ ಸಿಗುವ ಒಂದೇ ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಮತ್ತೆ ಕಲಿಯಲು ಕುಳಿತಳು. ಮನೆಯಿಂದಲೇ ಮಾಡುವಂಥ ಕೆಲಸ ಬೇಕೆಂದು ಕಂಪನಿಗಳಿಗೆ ರೆಸ್ಯೂಮೆ ಕಳಿಸತೊಡಗಿದಳು. ಊರಿನವರು ಅದನ್ನು ಬಯೋಡಾಟಾ ಎನ್ನುತ್ತಿದ್ದರು. ಯಾವ ಕಂಪನಿಯೂ ಬಾ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕಳಿಸಿದ್ದು ಎಲ್ಲಿ ಹೋಗಿ ಬೀಳುತ್ತದೆ ಎಂದೇ ತಿಳಿಯುತ್ತಿರಲಿಲ್ಲ.

"ಈ ವರ್ಷ ಆಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ ಅತ್ತೆ" ಎಂದಳು ಒಂದು ದಿನ, ಅಕ್ಕಿ ಆರಿಸುತ್ತಾ. "ಮಧ್ಯ ಖಾಲಿ ಬಿಟ್ಟ ವರ್ಷ ಜಾಸ್ತಿ ಆದಷ್ಟೂ ಯಾರೂ ತಿರುಗಿ ನೋಡಲ್ಲ." ಅವಳ ಧ್ವನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಮಳೆ ಹಿಡಿಯುವ ಮೊದಲು ಅವಳು ಸಾಗರಕ್ಕೆ, ಹಿಂದೆ ತನಗೆ ಪಾಠ ಹೇಳಿದ ರೇಖಾ ಮೇಡಂ ಅವರ ಮನೆಗೆ ಹೊರಟಳು. ನನ್ನನ್ನೂ ಕರೆದುಕೊಂಡು ಹೋದಳು. ಮೇಡಂ ಆ ರೆಸ್ಯೂಮೆಯನ್ನು ಪ್ರಿಂಟ್ ಹಾಕಿ, ಬಿಸಿ ಹಾಳೆಯನ್ನು ಮೊಣಕಾಲ ಮೇಲಿಟ್ಟುಕೊಂಡು, ಪೆನ್ಸಿಲ್ ತೆಗೆದರು.

"ಈ ಮೂರು ಪ್ರಾಜೆಕ್ಟ್ ಎಂಥದು ಚೇತನಾ?"

"ಲೆಕ್ಕ ಮಾಡೋದೊಂದು, ಹವಾಮಾನ ತೋರ್ಸೋದೊಂದು, ದಿನದ ಕೆಲಸ ಗುರ್ತು ಹಾಕ್ಕೊಳ್ಳೋದೊಂದು ಮೇಡಂ."

"ವಿಡಿಯೋ ನೋಡಿ ಮಾಡಿದ್ದು ತಾನೇ?"

ಚೇತನಾ ತಲೆ ತಗ್ಗಿಸಿದಳು.

"ಇಡೀ ದೇಶದವರು ಇದೇ ಮೂರನ್ನ ಹಾಕ್ತಾರೆ ಮಾರಾಯ್ತಿ. ನೋಡೋರಿಗೆ ವಾಕರಿಕೆ ಬಂದಿರ್ತದೆ. ನಿಂದೇ ಅಂತ ಏನೂ ಮಾಡ್ಲಿಲ್ವಾ?"

"ಒಂದಿದೆ. ಆದ್ರೆ ಅದು ಮನೆ ಬಳಕೆದು" ಎಂದು ಚೇತನಾ ಸಂಕೋಚದಿಂದ ಫೋನ್ ಮುಂದೆ ಹಿಡಿದಳು.

ಅದು ಹಳ್ಳದ ಪುಟ. ಹಿಂದಿನ ವರ್ಷ ನಿಮ್ಮ ಬಸ್ಸಿನ ಚಿಂತೆಗೆ ಅವಳು ಮಾಡಿದ್ದು. ಸೇತುವೆ ಕಾಣುವ ಐದು ಮನೆಯವರ ಫೋನಿನಲ್ಲಿ ಮೂರು ಬಣ್ಣ ಇಟ್ಟಿದ್ದಳು. ದಾಟಬಹುದಾದರೆ ಹಸಿರು, ನಿಂತು ನೋಡಬೇಕಾದರೆ ಹಳದಿ, ದಾಟಬಾರದು ಎಂದರೆ ಕೆಂಪು. ಯಾರಾದರೂ ಒತ್ತಿದರೆ ಆ ಬಣ್ಣ ಎಲ್ಲರಿಗೂ ಕಾಣುತ್ತಿತ್ತು. ಕಂಡಕ್ಟರ್ ನಾಗಣ್ಣ ಹೊಸನಗರ ಸ್ಟ್ಯಾಂಡಿನಲ್ಲಿ ಅದನ್ನು ನೋಡಿ, ಹಸಿರಾದರೆ ಊರೊಳಗೆ ಬರುತ್ತಿದ್ದ, ಕೆಂಪಾದರೆ ತಿರುವಿನಲ್ಲೇ ಜನ ಇಳಿಸಿ ಹಿಂದೆ ಹೋಗುತ್ತಿದ್ದ.

ಮೇಡಂ ಫೋನ್ ಕೈಗೆ ತೆಗೆದುಕೊಂಡು ನೋಡಿದರು. ಆಮೇಲೆ ಆ ಮೂರು ಪ್ರಾಜೆಕ್ಟಿನ ಮೇಲೆ ಉದ್ದಕ್ಕೆ ಗೀಟು ಎಳೆದರು.

"ಇದನ್ನ ಎಲ್ಲಕ್ಕಿಂತ ಮೇಲೆ ಹಾಕು. ಯಾರಿಗೆ ಎಂಥ ತೊಂದರೆ ಇತ್ತು, ನೀನೇ ಕೂತು ಮಾಡಿದ್ದು ಯಾವುದು, ಮಾಡಿದ್ಮೇಲೆ ಏನು ಬದಲಾಯ್ತು, ಇಷ್ಟೇ ಬರಿ. ಒತ್ತಿದ ಕೂಡ್ಲೆ ತೆರ್ಕೊಳ್ಳೋ ಲಿಂಕ್ ಕೊಡು. ಕೋಡ್ ಇಟ್ಟಿರೋ ಜಾಗದಲ್ಲಿ ಹೊಸಬರಿಗೂ ಅರ್ಥ ಆಗೋ ಹಂಗೆ ನಾಕು ಮಾತು ಬರೆದಿಡು. ಮತ್ತೆ, ಒಬ್ಬರು ಒತ್ತಿದ್ದನ್ನೇ ನಂಬ್ಬೇಡ. ಯಾರೋ ತಮಾಷೆಗೆ ಒತ್ತಿದ್ರೆ? ಐದರಲ್ಲಿ ಹೆಚ್ಚು ಜನ ಏನಂತಾರೋ ಅದನ್ನ ತೋರ್ಸು. ಕಂಪನಿಯವರು ಅದನ್ನ ಕೇಳೇ ಕೇಳ್ತಾರೆ."

ಚೇತನಾ ಮನೆಗೆ ಬಂದು ಹಾಗೆಯೇ ಮಾಡಿದಳು. ಹೊಸ ರೆಸ್ಯೂಮೆಯ ಆ ಭಾಗವನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಳು. ಎಲ್ಲ ಸರಿಯಾಗಿತ್ತು. ಕೊನೆಯ ಸಾಲು ಹೀಗಿತ್ತು: ಈ ಪುಟ ಶುರುವಾದ ಮೇಲೆ ಒಂದು ವಾಹನವೂ ಸೇತುವೆಯಲ್ಲಿ ಸಿಕ್ಕಿಕೊಂಡಿಲ್ಲ. ಅದು ಸುಳ್ಳಲ್ಲ. ಆದರೂ ಮಳೆಗಾಲ ಬಾಗಿಲಲ್ಲಿ ನಿಂತಿರುವಾಗ ಹಳ್ಳದ ಬಗ್ಗೆ ಇಂಥ ಮಾತು ಬರೆದಿಡುವುದು ನನಗೆ ಸರಿಬರಲಿಲ್ಲ. ಕಿಟಕಿಯಾಚೆ ನೋಡಿದೆ. ಹಳ್ಳ ಆಗ ಬೆರಳು ಗಾತ್ರದಲ್ಲಿ ಕಲ್ಲುಗಳ ಸಂದಿಯಲ್ಲಿ ಹರಿಯುತ್ತಿತ್ತು.

ಆರಿದ್ರಾ ಮಳೆ ಚೆನ್ನಾಗಿ ಹಿಡಿಯಿತು. ಪುಷ್ಯ ಮಳೆ ಶುರುವಾಗುವ ಹೊತ್ತಿಗೆ ಒಂದು ಕಂಪನಿಯಿಂದ ಉತ್ತರ ಬಂತು. ಅವರಿಗೆ ಹಳ್ಳದ ಪುಟವೇ ಹಿಡಿಸಿತ್ತು. ಒಂದು ವಾರ ಆ ಪುಟವನ್ನು ನೋಡುತ್ತಿರುತ್ತೇವೆ, ವಾರದ ಕೊನೆಗೆ ವಿಡಿಯೋದಲ್ಲಿ ಸಂದರ್ಶನ ಮಾಡುತ್ತೇವೆ ಎಂದು ಬರೆದಿದ್ದರು. ಚೇತನಾ ಅಂದು ಹಾಲು ಹಾಕಲು ಡೈರಿಗೆ ಹೋದವಳು ಸಂತೋಷ ತಡೆಯಲಾರದೆ ಅಲ್ಲಿದ್ದವರಿಗೆಲ್ಲ ಹೇಳಿದಳು. ಪಕ್ಕದ ಮನೆಯ ಸರೋಜಕ್ಕ ಸಂಜೆ ಬಂದು ಅವಳ ಕೆನ್ನೆ ಸವರಿ ದೃಷ್ಟಿ ತೆಗೆದಳು.

"ನಮ್ಮ ಹಳ್ಳದ ನೀರು ಕಂಪನಿ ತನಕ ಹೋಯ್ತಲ್ಲೇ! ಕೆಲ್ಸ ಸಿಕ್ಮೇಲೆ ಹಳ್ಳಕ್ಕೊಂದು ಸೀರೆ ಉಡ್ಸು ಮಾರಾಯ್ತಿ. ನಂಗೂ ಒಂದು."

"ಮೊದ್ಲು ಸಿಗ್ಲಿ ಸರೋಜಕ್ಕ."

"ಸಿಗ್ತದೆ ಬಿಡು. ನಾವೆಲ್ಲ ಇದೀವಲ್ಲ" ಎಂದಳು ಅವಳು. ಆ ಮಾತಿನಲ್ಲಿ ಏನೋ ನಿಶ್ಚಯ ಇತ್ತು. ಅದು ಏನೆಂದು ಆಗ ನನಗೆ ಹೊಳೆಯಲಿಲ್ಲ.

ಆ ವಾರ ಪೂರ್ತಿ ಮಳೆ. ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ನಿಮ್ಮ ಶಾಲೆಯ ಬಟ್ಟೆ ಒಣಗದೆ ಹೊಗೆ ವಾಸನೆ ಹಿಡಿದಿತ್ತು. ಗೋಡೆಯಲ್ಲಿ ನೀರು ಜಿನುಗಿತು. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಅಟ್ಟದ ಕಡೆ ಸಾಲುಗಟ್ಟಿದವು. ಹಳ್ಳದ ಪುಟ ಮಾತ್ರ ಬೆಳಗ್ಗೆಯೂ ಹಸಿರು, ಸಂಜೆಯೂ ಹಸಿರು. ಹಳದಿ ಕೂಡ ಒಮ್ಮೆಯೂ ಬರಲಿಲ್ಲ. ಚೇತನಾ ಸಂದರ್ಶನಕ್ಕೆ ಓದುತ್ತಾ ಕಿಟಕಿ ಬಿಟ್ಟು ಏಳುತ್ತಿರಲಿಲ್ಲ. "ಈ ಸಲ ಹಳ್ಳ ನನ್ ಪರ ಇದೆ ಅತ್ತೆ" ಎಂದು ನಕ್ಕಳು. ನೀರು ಸೇತುವೆಯಿಂದ ಇನ್ನೂ ಕೆಳಗೇ ಇದ್ದದ್ದು ನಿಜ. ಆದರೆ ಹಿಂದಿನ ವರ್ಷ ಅಷ್ಟು ನೀರಿಗೆ ಯಾರಾದರೂ ಹಳದಿ ಒತ್ತಿರುತ್ತಿದ್ದರು.

ಸಂದರ್ಶನದ ದಿನ ಬೆಳಗ್ಗೆ ಮಳೆ ನಿಂತಿತು. ಆಕಾಶ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಶಾಲೆಗೆ ರಜೆ ಕೊಟ್ಟಿರಲಿಲ್ಲ. ಮನೆಯ ಸಿಗ್ನಲ್ ನಂಬಿ ಕೂರುವ ಹಾಗಿರಲಿಲ್ಲ, ಅದಕ್ಕೆ ಚೇತನಾ ಸಾಗರಕ್ಕೆ, ಮೇಡಂ ಮನೆಗೆ ಹೋಗಿ ಅಲ್ಲಿಂದ ಮಾತಾಡುವುದೆಂದು ಆಗಿತ್ತು. ನೀವಿಬ್ಬರು, ನಿಮ್ಮ ಅಮ್ಮ, ಮೂವರೂ ಒಂದೇ ಬಸ್ಸಿನಲ್ಲಿ ಸೇತುವೆ ದಾಟಿ ಹೋದಿರಿ.

ಮಧ್ಯಾಹ್ನ ಊಟ ಮಾಡಿ ಪಾತ್ರೆ ತೊಳೆಯುತ್ತಿದ್ದೆ. ಏನೋ ತಪ್ಪಿದಂತೆ ಅನ್ನಿಸಿತು. ಕೈ ನಿಲ್ಲಿಸಿ ಕಿವಿಗೊಟ್ಟೆ. ಹಳ್ಳದ ಸದ್ದು ಇರಲಿಲ್ಲ.

ನೀವು ಹೊಸ ಸೇತುವೆಯ ಕಾಲದಲ್ಲಿ ಬೆಳೆದವರು, ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಹಳ್ಳ ಗಲಗಲ ಎನ್ನುವಷ್ಟು ದಿನ ಹೆದರಿಕೆ ಇಲ್ಲ. ಕಲ್ಲು ಮೇಲಿದ್ದರೆ ತಾನೇ ನೀರು ಅದಕ್ಕೆ ಬಡಿದು ಸದ್ದು ಮಾಡುವುದು? ಕಲ್ಲೆಲ್ಲ ಮುಳುಗಿದ ಮೇಲೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕೇಳುವುದು ಕಿವಿಗಲ್ಲ, ಅಂಗಾಲಿಗೆ. ನೆಲವೇ ಸಣ್ಣಗೆ ಗುಂಯ್‌ಗುಡುತ್ತದೆ.

ಇಳಿದು ಹೋಗಿ ನೋಡಿದೆ. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ, ಗುಡ್ಡದ ಮೇಲೆ ಎಲ್ಲೋ ಸುರಿದಿತ್ತು. ಕೆಂಪು ಮಣ್ಣಿನ ನೀರು ಸೇತುವೆಯ ಕಾಂಕ್ರೀಟಿಗೆ ತಾಗಿ ಹರಿಯುತ್ತಿತ್ತು. ಬೇರು ಸಮೇತ ಒಂದು ಮರ ಬಂದು ಸೇತುವೆಗೆ ಅಡ್ಡ ನಿಂತಿತ್ತು. ಅದರ ಎಲೆ ಇನ್ನೂ ಬಾಡಿರಲಿಲ್ಲ.

ನನ್ನ ಫೋನ್ ತೆಗೆದು ನೋಡಿದೆ. ಹಸಿರು.

ಒಂದು ದಿನವೂ ನಾನು ಆ ಬಣ್ಣಗಳನ್ನು ಒತ್ತಿದವಳಲ್ಲ. ನಮ್ಮ ಮನೆಯದನ್ನು ಚೇತನಾಳೇ ಒತ್ತುತ್ತಿದ್ದಳು. ಅಂದು ಕೆಂಪು ಒತ್ತಿದೆ. ಪುಟ ಹಸಿರಾಗಿಯೇ ಉಳಿಯಿತು. ಮತ್ತೆ ಒತ್ತಿದೆ. ಹಸಿರು. ಚೇತನಾಳಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಅವಳು ಸಂದರ್ಶನಕ್ಕೆ ಕುಳಿತಿದ್ದಳು. ನಾಗಣ್ಣನ ನಂಬರ್ ಇದ್ದದ್ದು ಅವಳ ಹತ್ತಿರ ಮಾತ್ರ, ನನ್ನಲ್ಲಿ ಇರಲಿಲ್ಲ. ಅಷ್ಟು ವರ್ಷದಲ್ಲಿ ಅವನ ಹತ್ತಿರ ನಾನು ಒಂದು ಮಾತೂ ಆಡಿರಲಿಲ್ಲ, ಚಿಲ್ಲರೆ ಕೊಟ್ಟು ಟಿಕೆಟ್ ತೆಗೆದುಕೊಂಡದ್ದಷ್ಟೆ.

ಸರೋಜಕ್ಕನ ಮನೆಗೆ ಓಡಿದೆ. ಅವಳು ಹಲಸಿನ ಬೀಜ ಬಿಡಿಸುತ್ತಿದ್ದಳು.

"ಸರೋಜಕ್ಕ, ಹಳ್ಳ ಸೇತುವೆಗೆ ಬಂದಿದೆ. ಇದು ಹಸಿರು ತೋರಿಸ್ತಾ ಇದೆ."

"ತೋರಿಸ್ಲಿ ಬಿಡೇ" ಎಂದು ನಕ್ಕಳು. "ಇವತ್ತೊಂದಿನ ತಾನೇ? ಕಂಪನಿಯವ್ರು ನೋಡ್ತಿರ್ತಾರಲ್ಲ. ಕೆಂಪು ಕಂಡ್ರೆ ನಮ್ಮ ಚೇತನನ ಬಯೋಡಾಟಾಕ್ಕೆ ಹೊಡ್ತ ಅಲ್ದಾ? ಮಾರ್ಕ್ಸ್ ಕಾರ್ಡಲ್ಲಿ ಕೆಂಪು ಗೆರೆ ಹಾಕ್ತಾರಲ್ಲ, ಹಂಗೆ. ವಾರದಿಂದ ನಾವು ನಾಕು ಮನೆಯವ್ರು ಮಾತಾಡ್ಕೊಂಡು ಹಸಿರೇ ಒತ್ತಿದೀವಿ. ಅವ್ಳಿಗೆ ಹೇಳ್ಬೇಡ, ನಾಚ್ಕೊಳ್ತಾಳೆ."

ಪ್ರೀತಿಯಿಂದ ಮಾಡಿದ್ದು. ವಾರವಿಡೀ ಪ್ರತಿದಿನ, ನೆನಪಿಟ್ಟುಕೊಂಡು, ನಾಲ್ಕು ಮನೆಯವರು ನನ್ನ ಸೊಸೆಗಾಗಿ ಒತ್ತಿದ ಹಸಿರು. ಆ ಹಸಿರನ್ನು ನೋಡಿಕೊಂಡೇ ನಾಗಣ್ಣ ಇನ್ನು ಸ್ವಲ್ಪ ಹೊತ್ತಿಗೆ ಬಸ್ಸು ಹೊರಡಿಸುವವನಿದ್ದ.

"ಮಕ್ಕಳು ಬಸ್ಸಲ್ಲಿ ಬರ್ತಾರೆ" ಎಂದೆ.

ಸರೋಜಕ್ಕ ಬೀಜ ಅಲ್ಲೇ ಬಿಟ್ಟು ಎದ್ದು ಬಂದಳು. ಬೇಲಿಯ ಹತ್ತಿರ ನಿಂತು ಹಳ್ಳ ನೋಡಿದವಳೇ, ತನ್ನ ಫೋನಿನಲ್ಲಿ ಕೆಂಪು ಒತ್ತಿದಳು. ಎರಡಾಯಿತು. ಐದರಲ್ಲಿ ಹೆಚ್ಚಾಗಲು ಇನ್ನೊಂದು ಬೇಕಿತ್ತು. ಎರಡು ಮನೆಯವರು ಕೋಣಂದೂರು ಸಂತೆಗೆ ಹೋಗಿದ್ದರು, ಫೋನಿಗೂ ಸಿಗಲಿಲ್ಲ. ಉಳಿದದ್ದು ಡೈರಿಯ ತಿಮ್ಮಪ್ಪಯ್ಯನ ಮನೆ. ಅವರು ಊರಿಗೆ ದೊಡ್ಡವರು. ಅವರು ದಾರಿಯಲ್ಲಿ ಎದುರಾದರೆ ನಾನು ಸೆರಗು ಎಳೆದುಕೊಂಡು ಬದಿಗೆ ಸರಿಯುತ್ತಿದ್ದವಳು.

ಅವರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ಸರೋಜಕ್ಕನೇ ಹೇಳಲು ಶುರು ಮಾಡಿದಳು. ಅವರು ಕೇಳಿ ಮುಗಿಸುವ ಮೊದಲೇ ತಲೆ ಕೊಡವಿದರು.

"ಮಳೆ ಎಲ್ಲಿದೆ ಮಾರಾಯ್ತಿ? ಆಕಾಶ ನೋಡು. ಇಷ್ಟು ದಿನ ಕಾಯ್ದು ಈಗ, ಅವ್ರು ಕೂತು ನೋಡೋ ಹೊತ್ತಿಗೆ, ಕೆಂಪು ಮಾಡೋದಾ?" ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮಾ, ಸೊಸೆ ಕೆಲ್ಸ ನೀನೇ ಕೆಡಿಸ್ತೀಯಾ?"

ಒಂದು ಮಾತು ಹೇಳಬೇಕು ಮಕ್ಕಳೇ. ನನಗೂ ಆಗ ಕಂಪ್ಯೂಟರಿನ ವಿಷಯ ತಿಳಿಯದು. ಕೆಂಪು ಬಂದರೆ ಅವಳ ಕೆಲಸ ಹೋಗುತ್ತದೆ ಎಂದು ಅವರು ಹೇಳಿದ್ದನ್ನು ನಾನು ನಂಬಿದ್ದೆ. ಕಿಟಕಿಯ ಹತ್ತಿರ ಬಗ್ಗಿದ ಅವಳ ಬೆನ್ನು ಕಣ್ಣ ಮುಂದೆ ಬಂತು. ಈ ವರ್ಷ ಆಗದಿದ್ದರೆ ಬಿಟ್ಟುಬಿಡುತ್ತೇನೆ ಎಂದಿದ್ದಳು.

"ಕೆಡ್ಲಿ" ಎಂದೆ.

ತಿಮ್ಮಪ್ಪಯ್ಯ ನನ್ನ ಧ್ವನಿಯನ್ನು ಕೇಳಿದ್ದು ಅದೇ ಮೊದಲಿರಬೇಕು. ಅಗಿಯುವುದು ನಿಲ್ಲಿಸಿ ನೋಡಿದರು. "ಕೆಡ್ಲಿ. ಒತ್ತಿ. ನನ್ನ ಮಕ್ಕಳು ಬಸ್ಸಲ್ಲಿದಾವೆ" ಎಂದೆ. ಅವರು ಒಳಗೆ ಹೋಗಿ ಕನ್ನಡಕ ತಂದರು, ಫೋನ್ ತಂದರು, ಬೆರಳು ಒರೆಸಿಕೊಂಡರು. ಆ ಹೊತ್ತು ಎಷ್ಟೋ ನನಗೆ ತಿಳಿಯದು. ಪುಟ ಕೆಂಪಾಯಿತು.

ಆದರೆ ಅದನ್ನು ಯಾರು ನೋಡಿದರು? ಬಸ್ಸು ಸ್ಟ್ಯಾಂಡ್ ಬಿಟ್ಟ ಮೇಲೆ ದಾರಿಯಲ್ಲಿ ಸಿಗ್ನಲ್ ಇಲ್ಲ. ಬಸ್ಸು ಹೊರಟಿದೆಯೋ ಇಲ್ಲವೋ ನಮಗೆ ತಿಳಿಯುವ ದಾರಿ ಇರಲಿಲ್ಲ. ಹಳ್ಳದ ಬಳಿ ಬಂದು ನಿಂತೆವು. ನೀರು ಸೇತುವೆಯ ಮೇಲೆ ಹತ್ತಿತ್ತು. ಅಡ್ಡ ನಿಂತಿದ್ದ ಮರ ನಮ್ಮ ಕಣ್ಣೆದುರೇ ಒಮ್ಮೆ ಎದ್ದು, ಸೇತುವೆ ದಾಟಿ, ಆಚೆ ಮುಳುಗಿ ಹೋಯಿತು. ತಿಮ್ಮಪ್ಪಯ್ಯ ಕೆಂಪು ಪಂಚೆಯೊಂದನ್ನು ಕೋಲಿಗೆ ಕಟ್ಟಿ ಹಿಡಿದರು. ತಿರುವಿನಿಂದ ಇಳಿಯುವವರೆಗೆ ಅದು ಡ್ರೈವರಿಗೆ ಕಾಣುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಬೆಳಕು ಕಂದುತ್ತಿದ್ದ ಹೊತ್ತಿಗೆ ಗುಡ್ಡದ ಹಿಂದೆ ಹಾರ್ನ್ ಕೇಳಿತು. ತಿರುವಿಗೆ ಬಂದಾಗ ಡ್ರೈವರ್ ಯಾವತ್ತೂ ಹೊಡೆಯುವ ಉದ್ದನೆಯ ಹಾರ್ನ್. ಸರೋಜಕ್ಕ ನನ್ನ ರಟ್ಟೆ ಹಿಡಿದುಕೊಂಡಳು. ಇಂಜಿನ್ನಿನ ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಆಮೇಲೆ ನಿಂತಿತು.

ಏನೂ ಕಾಣಲಿಲ್ಲ. ಬಸ್ಸು ಇಳಿದು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಿರುವಿನಲ್ಲಿ ಒಂದು ತಲೆ ಕಂಡಿತು, ಅದರ ಹಿಂದೆ ಇನ್ನೊಂದು. ನಾಗಣ್ಣ ನಿಮ್ಮಿಬ್ಬರ ಕೈ ಹಿಡಿದುಕೊಂಡು ಇಳಿಜಾರಿನ ಮೇಲ್ತುದಿಯಲ್ಲಿ ನಿಂತಿದ್ದ.

ನಡೆದದ್ದು ಏನೆಂದು ಮರುದಿನ ತಿಳಿಯಿತು. ಸಾಗರದಲ್ಲಿ ಸಂದರ್ಶನ ನಡೆಯುತ್ತಿದ್ದಾಗ ಕಂಪನಿಯವರು ಹಳ್ಳದ ಪುಟವನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡೇ ಪ್ರಶ್ನೆ ಕೇಳುತ್ತಿದ್ದರಂತೆ. ಅವರ ಕಣ್ಣೆದುರೇ ಅದು ಹಸಿರಿನಿಂದ ನೇರ ಕೆಂಪಿಗೆ ಹೋಯಿತು. ಚೇತನಾ ಮಾತು ಅರ್ಧಕ್ಕೆ ಬಿಟ್ಟು, "ನನ್ ಮಕ್ಕಳು ಆ ಬಸ್ಸಲ್ಲಿದಾರೆ" ಎಂದು ಎದ್ದು, ಫೋನ್ ಆನ್ ಮಾಡಿ ನಾಗಣ್ಣನಿಗೆ ಕರೆ ಮಾಡಿದಳು. ಅವನು ಹಸಿರು ನೋಡಿ ಆಗಲೇ ಹೊರಡಲು ಸೀಟಿ ಊದಿದ್ದನಂತೆ. ಚೇತನಾ ಮರಳಿ ಬಂದು ಕುಳಿತಾಗ ಕಂಪನಿಯವರು ಒಂದೇ ಪ್ರಶ್ನೆ ಕೇಳಿದರು: ಹಳದಿ ಬಾರದೆ ಒಮ್ಮೆಗೇ ಕೆಂಪು ಹೇಗಾಯಿತು? ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿ ಬಂದಳು. ಆ ರಾತ್ರಿ ಅವಳು ಬಂದ ಮೇಲೆ ನೀವು ಮೂವರೂ ಆಚೆ ದಡದ ಒಂದು ಮನೆಯಲ್ಲಿ ಉಳಿದಿರಿ.

ಬೆಳಗ್ಗೆ ನೀರು ಇಳಿದಿತ್ತು. ಮೇಲಿನಿಂದ ನೋಡಿದರೆ ಸೇತುವೆ ಇದ್ದ ಹಾಗೇ ಇತ್ತು. ತಿಮ್ಮಪ್ಪಯ್ಯ ಬಗ್ಗಿ ನೋಡಿ ಎಲ್ಲರನ್ನೂ ಹಿಂದಕ್ಕೆ ತಳ್ಳಿದರು. ಆಚೆ ತುದಿಯಲ್ಲಿ ಕಾಂಕ್ರೀಟಿನ ಕೆಳಗೆ ಮಣ್ಣೇ ಉಳಿದಿರಲಿಲ್ಲ.

ನೀವೆಲ್ಲ ಸುತ್ತುದಾರಿಯಲ್ಲಿ ನಡೆದು ಮನೆ ಸೇರಿದ ಮೇಲೆ ಸರೋಜಕ್ಕ ಬಂದು ಚೇತನಾಳ ಎದುರು ಎಲ್ಲವನ್ನೂ ಹೇಳಿ ಅತ್ತಳು. ಚೇತನಾ ಬೈಯಲಿಲ್ಲ. ಕಿಟಕಿಯ ಹತ್ತಿರ ಹೋಗಿ ಕುಳಿತಳು. ಐದರಲ್ಲಿ ಒಬ್ಬರು ಕೆಂಪು ಎಂದರೂ ಕೆಂಪೇ ಕಾಣುವಂತೆ ಮಾಡಿದಳು. ಯಾರೂ ಒತ್ತದೆ ಹೊತ್ತಾದರೆ ಬಣ್ಣವೇ ಅಳಿಸಿಹೋಗಿ 'ಗೊತ್ತಿಲ್ಲ, ಹೋಗಿ ನೋಡಿ' ಎಂದು ಕಾಣುವಂತೆ ಮಾಡಿದಳು. ಆಮೇಲೆ ರೆಸ್ಯೂಮೆ ತೆಗೆದು, ಒಂದು ವಾಹನವೂ ಸಿಕ್ಕಿಕೊಂಡಿಲ್ಲ ಎಂಬ ಆ ಸಾಲನ್ನು ಅಳಿಸಿದಳು. ಅಲ್ಲಿ ಹೀಗೆ ಬರೆದಳು: ಈ ಪುಟ ಒಂದು ವಾರ ತಪ್ಪು ಹೇಳಿತು, ಬಳಸುವವರು ನನ್ನ ಮೇಲಿನ ಪ್ರೀತಿಯಿಂದ ಸುಳ್ಳು ಒತ್ತಿದ್ದರು, ಹೀಗಾಗಬಹುದೆಂದು ನಾನು ಯೋಚಿಸಿರಲಿಲ್ಲ, ಆಮೇಲೆ ಹೀಗೆ ಬದಲಿಸಿದೆ.

"ಇಂಥದನ್ನ ಬರೆದ್ರೆ ಕೆಲ್ಸ ಯಾರು ಕೊಡ್ತಾರೆ ಮಗಾ?" ಎಂದು ಕೇಳಿದೆ.

"ಗೊತ್ತಿಲ್ಲ ಅತ್ತೆ. ಆದ್ರೆ ನಾನು ನಿಜವಾಗ್ಲೂ ಕಲ್ತಿದ್ದು ಇದೊಂದೇ."

ಆ ಕಂಪನಿಯಿಂದ ಮತ್ತೆ ಮಾತು ಬರಲಿಲ್ಲ. ದಸರಾ ಕಳೆದ ಮೇಲೆ ಬೇರೊಂದು ಕಡೆಯವರು ಕರೆದರು. ಅವರು ಕೇಳಿದ್ದೆಲ್ಲ ಆ ಸಾಲಿನ ಬಗ್ಗೆಯೇ ಅಂತೆ. ಅವಳು ಈಗ ಕಿಟಕಿಯ ಹತ್ತಿರ ಕುಳಿತು ಮಾಡುತ್ತಿರುವುದು ಆ ಕೆಲಸ.

ಇನ್ನೊಂದು ಉಳಿದಿದೆ. ಅಂದು ಸಂಜೆ ನೀವಿಬ್ಬರೂ ಆಚೆ ದಡದಲ್ಲಿ ನಿಂತು ನನ್ನನ್ನು ಕಂಡು ಕುಣಿದಿರಿ. ಅನನ್ಯಾ, ನೀನು ಕೂಗುತ್ತಿದ್ದೆ, ಕೇಳಿಸುತ್ತಿರಲಿಲ್ಲ. ಚಿರು ಬಿಡುವಿದ್ದ ಕೈ ಎತ್ತಿ ಬೀಸುತ್ತಿದ್ದ. ಅಜ್ಜಿ ನಮ್ಮನ್ನು ನೋಡಿಯೂ ಕೈ ಎತ್ತಲಿಲ್ಲ, ಸಿಟ್ಟು ಬಂದಿತ್ತೇನೋ ಎಂದು ಇವತ್ತಿಗೂ ಅನ್ನುತ್ತೀರಿ. ಸಿಟ್ಟಲ್ಲ ಮಕ್ಕಳೇ. ನನ್ನ ಕೈ ತಾನಾಗಿಯೇ ಏಳುತ್ತಿತ್ತು. ಅದನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೆಳಗೆ ಒತ್ತಿಕೊಂಡಿದ್ದೆ. ನಿಮ್ಮ ಮತ್ತು ನನ್ನ ನಡುವೆ ಆ ನೀರು ಇತ್ತು. ಚಿರು ಚಿಕ್ಕವನು. ನಾನು ಕೈ ಎತ್ತಿದರೆ, ಅಜ್ಜಿ ಬಾ ಎಂದು ಕರೆಯುತ್ತಿದ್ದಾಳೆ ಎಂದುಕೊಂಡು ನಾಗಣ್ಣನ ಕೈ ಬಿಡಿಸಿಕೊಂಡು ಓಡಿ ಬಂದುಬಿಟ್ಟರೆ ಎಂದು ಹೆದರಿಕೊಂಡಿದ್ದೆ.